ಸುಸ್ತಾಗಲು ಬಾರದ ರುಬೀನಾ

ಕಳೆದ ಭಾನುವಾರ ನಾನು ಹದಿಮೂರು ವರ್ಷದ ಹುಡುಗಿಯಾಗಿದ್ದೆ. ಬೆಳಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರವರೆಗೆ. (ಮಧ್ಯೆ ಅರ್ಧ ಗಂಟೆ ಎಪ್ಪತ್ತಾರಕ್ಕೆ ವಾಪಸ್ ಬಂದಿದ್ದೆ. ಊಟ, ಆಮೇಲೆ ಬಿ.ಪಿ. ಮಾತ್ರೆ.)

ಮಾಡಿದ್ದು ಇಷ್ಟೇ. ಒಂದು ಫೋನಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತು, “ಅಮ್ಮಾ, ನಾಳೆ ನನ್ನ ಪ್ರೋಗ್ರಾಂಗೆ ಬರ್ತೀಯಾ ತಾನೇ?” ಎಂದು ಕೇಳುವುದು. ಒಂದೆರಡು ಸಲವಲ್ಲ. ಇಪ್ಪತ್ತು ದಾಟಿದ ಮೇಲೆ ನಾನು ಎಣಿಸುವುದನ್ನು ಬಿಟ್ಟೆ.

ಆ ಅಮ್ಮನ ವಯಸ್ಸು ಮೂವತ್ತಾರು. ಹೆಸರು ರುಬೀನಾ. ಆರ್.ಟಿ. ನಗರದ ನಮ್ಮ ಮನೆಯ ಮಹಡಿಯಲ್ಲಿ ತಾಯಿ ಜುಬೇದಾ ಜೊತೆ ಬಾಡಿಗೆಗಿದ್ದಾಳೆ. ನನಗೆ ಮಗಳಾಗಬಹುದಾದವಳು, ಭಾನುವಾರದ ಮಟ್ಟಿಗೆ ನನ್ನ ತಾಯಿ.

ರುಬೀನಾ ಬ್ಯಾಲೆ ಡಾನ್ಸರ್. ಹೌದು, ಕಾಲ್ಬೆರಳ ತುದಿಯ ಮೇಲೆ ನಿಂತು, ಮೈಯಲ್ಲಿ ಭಾರವೇ ಇಲ್ಲವೇನೋ ಎಂಬಂತೆ ತೇಲುತ್ತಾರಲ್ಲ, ಅದೇ ಬ್ಯಾಲೆ. ಹದಿನೇಳಕ್ಕೆ ಸ್ಕಾಲರ್‌ಶಿಪ್ ಸಿಕ್ಕಿ ಯುರೋಪಿಗೆ ಹೋದವಳು ಹದಿನೇಳು ವರ್ಷ ಅಲ್ಲೇ ಕುಣಿದಳು. ಹೀರೋಯಿನ್ ಆಗಿ ಅಲ್ಲ. ಹಿಂದಿನ ಸಾಲಿನಲ್ಲಿ ಇಪ್ಪತ್ನಾಲ್ಕು ಹುಡುಗಿಯರು ನಿಲ್ಲುತ್ತಾರಂತೆ. ಅದರಲ್ಲಿ ಎಡಗಡೆಯಿಂದ ಏಳನೆಯವಳು. “ಆಂಟಿ, ಜನ ನನ್ನನ್ನೇ ನೋಡ್ತಿದಾರೆ ಅಂದ್ರೆ ನಾನೇನೋ ತಪ್ಪು ಮಾಡಿದೀನಿ ಅಂತ ಅರ್ಥ,” ಎಂದು ಒಮ್ಮೆ ಹೇಳಿದ್ದಳು. ಎಂಥ ಕೆಲಸ ನೋಡಿ! ಯಾರ ಕಣ್ಣಿಗೂ ಬೀಳದಿರುವುದೇ ಪರ್ಫೆಕ್ಷನ್.

ಎರಡು ವರ್ಷದ ಹಿಂದೆ ಮಂಡಿ ಕೈಕೊಟ್ಟಿತು. ಊರಿಗೆ ಬಂದಳು. ಈಗ ಸಹಕಾರ ನಗರದಲ್ಲಿ ಪುಟ್ಟ ಮಕ್ಕಳಿಗೆ ಶನಿವಾರ ಕ್ಲಾಸು. ಮಕ್ಕಳೆಂದರೆ ಇಷ್ಟವೇ. ಆದರೆ ಜನರೆದುರು ನಿಂತು ಬದುಕಿದವಳಿಗೆ ಪಕ್ಕದಲ್ಲಿ ನಿಂತು ಚಪ್ಪಾಳೆ ತಟ್ಟುತ್ತಿದ್ದರೆ ಸಾಕಾಗುತ್ತದೆಯೇ? ಸ್ಟೇಜ್ ಇನ್ನು ಸಿಗುವುದಿಲ್ಲ, ಡಾಕ್ಟರ್ ಹೇಳಿಯಾಗಿದೆ. ಉಳಿದದ್ದು ಕ್ಯಾಮೆರಾ. ಅದಕ್ಕೇ ಆಡಿಷನ್ ಶುರು ಮಾಡಿದಳು.

ಮೊದಲ ಎರಡು ಕಡೆ, ‘ಮೇಡಂ ತುಂಬಾ ಚೆನ್ನಾಗಿ ನಿಲ್ತಾರೆ’ ಎಂದರಂತೆ. ಕಾಂಪ್ಲಿಮೆಂಟ್ ಅಂದುಕೊಂಡಿರಾ? ಬೇಡ ಎನ್ನುವುದಕ್ಕೆ ಅದು ಕಾರಣ! ಮೂರನೆಯದು ಒಂದು ವೆಬ್ ಸೀರೀಸ್. ಡಬಲ್ ಡ್ಯೂಟಿ ಮುಗಿಸಿ ಮನೆಗೆ ಬರುವ ನರ್ಸ್ ಪಾತ್ರ. ಮನೆಯಲ್ಲೇ ಫೋನಿನಲ್ಲಿ ಶೂಟ್ ಮಾಡಿ ಕಳಿಸಬೇಕು. ಇದಕ್ಕೆ ಸೆಲ್ಫ್ ಟೇಪ್ ಎನ್ನುತ್ತಾರೆ. ಕಳಿಸಿದಳು. ಅಲ್ಲಿಂದ ವಾಯ್ಸ್ ನೋಟ್ ಬಂತು. ನನಗೂ ಕೇಳಿಸಿದಳು: “ಮೇಡಂ, ಎಲ್ಲಾ ಓಕೆ. ಆದ್ರೆ ಸುಸ್ತೇ ಕಾಣ್ತಿಲ್ಲ. ಇನ್ನೊಂದ್ ಸಲ ಟ್ರೈ ಮಾಡಿ. ಭಾನುವಾರ ಐದರೊಳಗೆ ಕಳ್ಸಿ, ಆಮೇಲೆ ಬೇರೆಯವರನ್ನ ಲಾಕ್ ಮಾಡ್ತೀವಿ.”

ಮಹಡಿ ಮೇಲೆ ಭಾನುವಾರವೂ ಜುಬೇದಾ ಅವರ ಹೊಲಿಗೆ ಮಷೀನ್ ಓಡುತ್ತಿರುತ್ತದೆ. ಹಾಗಾಗಿ ಶೂಟಿಂಗ್ ನಮ್ಮ ಹಾಲಿನಲ್ಲಿ. ಹಳೆಯ ಎನ್‌ಸೈಕ್ಲೋಪೀಡಿಯಾಗಳನ್ನು ಪೇರಿಸಿ ಅದರ ಮೇಲೆ ಫೋನ್ ಇಟ್ಟೆವು. ಮೊದಲು ಹೆಸರು, ಎತ್ತರ ಹೇಳಿ, ಎಡಕ್ಕೂ ಬಲಕ್ಕೂ ತಿರುಗಿ ಮುಖ ತೋರಿಸಬೇಕು. ನೀವು ನಾನು ತಿರುಗಿದರೆ ತಲೆ, ಮೈ ಎಲ್ಲ ಒಟ್ಟಿಗೆ ತಿರುಗುತ್ತದಲ್ಲವೇ? ಇವಳ ಮೈ ಮೊದಲು ತಿರುಗುತ್ತದೆ. ತಲೆ ಕೊನೆಗೆ, ಚಟ್ಟನೆ. ಸ್ವಿಚ್ ಹಾಕಿದ ಹಾಗೆ. ನನಗೆ ನಗು ಬಂತು. ಅವಳಿಗೆ ಬರಲಿಲ್ಲ.

ಆಮೇಲೆ ಸೀನ್. ನರ್ಸ್ ಬರುತ್ತಾಳೆ. ಕುರ್ಚಿಯಲ್ಲಿ ಕುಸಿಯುತ್ತಾಳೆ. ಶೂ ಬಿಚ್ಚುತ್ತಾಳೆ. ಹದಿಮೂರರ ಮಗಳ ಜೊತೆ ನಾಲ್ಕು ಮಾತು (ಮಗಳ ಮಾತು ಕ್ಯಾಮೆರಾದ ಆಚೆಯಿಂದ ನನ್ನದು). ಎದ್ದು ಅಡುಗೆಮನೆಗೆ ಹೋಗುತ್ತಾಳೆ. ಅಷ್ಟೇ.

ರುಬೀನಾ ಕುಸಿದಳು, ದಿಂಬಿನ ಮೇಲೆ ಗರಿ ಬಿದ್ದ ಹಾಗೆ. ಎದ್ದಳು, ಯಾರೋ ಮೇಲಿನಿಂದ ದಾರ ಹಿಡಿದು ಎತ್ತಿದ ಹಾಗೆ. ಡಬಲ್ ಡ್ಯೂಟಿ ಮಾಡಿದವಳು ಹೀಗೆ ಏಳುತ್ತಾಳಾ?

ನನ್ನೊಳಗಿನ ಟೀಚರ್ ಎದ್ದುಬಿಟ್ಟಳು. ಕಾನ್ವೆಂಟಿನಲ್ಲಿ ಎಲೊಕ್ಯೂಷನ್ ಪ್ರೈಜ್ ತಗೊಂಡವಳು ನಾನು, ಸುಮ್ಮನಿರುತ್ತೀನಾ? ಹಣೆಗೆ ಕೈ ಹಚ್ಚು, ಉಸ್ ಅನ್ನು, ಸೊಂಟ ಹಿಡಿದುಕೋ ಎಂದು ಡೈರೆಕ್ಷನ್ ಕೊಟ್ಟೆ. ಹಾಗೇ ಮಾಡಿದಳು ಪಾಪ. ಫೋನಿನಲ್ಲಿ ನೋಡಿದರೆ ಸ್ಕೂಲ್ ಡೇ ನಾಟಕದ ಮುದುಕಿ. ಇಬ್ಬರೂ ಡಿಲೀಟ್ ಒತ್ತಿದೆವು.

“ಒಳಗಡೆ ನೋವು ಇರೋದು ನಿಜ ಆಂಟಿ,” ಎಂದಳು, ಮಂಡಿ ಸವರಿಕೊಂಡು. “ಈಗ್ಲೂ ಇದೆ. ಆದ್ರೆ ಅದು ಆಚೆಗೆ ಬರಲ್ಲ. ಹದಿನೇಳು ವರ್ಷ ಅದನ್ನ ಬಚ್ಚಿಡೋದೇ ನನ್ ಕೆಲಸ ಆಗಿತ್ತು. ಶೂ ಒಳಗೆ ರಕ್ತ ಬಂದ್ರೂ ಮುಖದಲ್ಲಿ ನಗು.”

ತಲೆ ಮೇಲೆ ಪುಸ್ತಕವಿಟ್ಟು ಕಾರಿಡಾರಿನಲ್ಲಿ ನಡೆಸಿದ ಸಿಸ್ಟರ್‌ಗಳ ಶಿಷ್ಯೆ ನಾನು. ಬೆನ್ನು ನೆಟ್ಟಗೆ, ಗಲ್ಲ ಮೇಲೆ, ಮುಖ ಕಿವುಚಬಾರದು. ನೋವನ್ನು ತೋರಿಸಿಕೊಳ್ಳುವುದು ಬ್ಯಾಡ್ ಮ್ಯಾನರ್ಸ್. ಆ ಪಾಠ ನನಗೇ ಇನ್ನೂ ಮರೆತಿಲ್ಲ.

ಮೂರು ಗಂಟೆಯಾಯಿತು. ಇನ್ನು ಎರಡೇ ಗಂಟೆ. ಅವಳು ಗೋಡೆ ನೋಡುತ್ತಾ ಕೂತಳು. ಕಣ್ಣಲ್ಲಿ ನೀರಿಲ್ಲ (ಅದಕ್ಕೂ ಟ್ರೈನಿಂಗ್ ಇರಬೇಕು), ಆದರೆ ಬಿಟ್ಟುಬಿಡುವವರ ಮುಖ ನನಗೆ ಗೊತ್ತಾಗುತ್ತದೆ. ಟೀ ಮಾಡೋಣ ಅಂತ ಹೊರಟೆ. “ನೋಡೇ, ಕಿಟಕಿ ಆಚೆ ಕರಿಬೇವು ಎಷ್ಟು ಚಿಗುರಿದೆ,” ಎನ್ನುತ್ತಾ ಎದ್ದೆ.

ಅವಳು ಕರಿಬೇವು ನೋಡಲಿಲ್ಲ. ನನ್ನನ್ನು ನೋಡುತ್ತಿದ್ದಳು.

“ಆಂಟಿ, ಒಂದ್ ನಿಮಿಷ. ಕೂತ್ಕೊಂಡು ಇನ್ನೊಂದ್ ಸಲ ಎದ್ದೇಳಿ.”

ಯಾಕೆ ಅಂದೆ.

“ಏಳೋವಾಗೆಲ್ಲ ನೀವು ಏನಾದ್ರೂ ತೋರಿಸ್ತೀರ. ಬೆಳಗ್ಗೆ ಗಡಿಯಾರ. ಊಟಕ್ಕೆ ಮುಂಚೆ ಫ್ಯಾನ್ ಮೇಲಿನ ಧೂಳು. ಈಗ ಕರಿಬೇವು. ನಾನು ಆ ಕಡೆ ತಿರುಗಿದಾಗ ಕುರ್ಚಿ ಕೈ ಅದುಮಿ ಎದ್ಬಿಡ್ತೀರ. ನಾನು ಈ ಕಡೆ ತಿರುಗೋಷ್ಟರಲ್ಲಿ ನೆಟ್ಟಗೆ ನಿಂತಿರ್ತೀರ. ನಾವು ಮನೆ ನೋಡೋಕೆ ಬಂದ ದಿನಾನೂ ಹಂಗೇ ಮಾಡಿದ್ರಿ.”

ನಿಜ ಹೇಳಲೇ? ನನಗೆ ಸಿಟ್ಟು ಬಂತು. ಎರಡು ವರ್ಷದಿಂದ ಗೊತ್ತಿದ್ದೂ ಸುಮ್ಮನಿದ್ದಳಾ? ನನ್ನ ಮಗಳಿಗೇ ಗೊತ್ತಿಲ್ಲದ ಗುಟ್ಟು ಅದು. (ನನಗೇ ಪೂರ್ತಿ ಗೊತ್ತಿರಲಿಲ್ಲ.)

ರುಬೀನಾ ಮೆಲ್ಲಗೆ ಕೇಳಿದಳು: “ಇದನ್ನ ನಾನು ತಗೋಬಹುದಾ, ಆಂಟಿ?”

ಬೇರೆಯವರ ಹೆಜ್ಜೆಯನ್ನು ಕೇಳದೆ ತೆಗೆದುಕೊಳ್ಳಬಾರದು ಎಂಬುದು ಅವರ ಡಾನ್ಸಿನಲ್ಲಿ ಶಿಸ್ತಂತೆ. ನಾನು ಒಳಗೆ ಹೋಗಿ ಹಾಲು ಕಾಯುವವರೆಗೂ ಒಲೆ ಮುಂದೆ ನಿಂತೆ. ಟೀ ತಂದಿಟ್ಟು, ತಗೋ, ಆದರೆ ನನ್ನದು ಅಂತ ಯಾರಿಗೂ ಹೇಳಬೇಡ ಎಂದೆ. (ಈಗ ನಾನೇ ಊರಿಗೆಲ್ಲ ಹೇಳುತ್ತಿದ್ದೇನೆ, ಅದು ಬೇರೆ ಮಾತು.)

ಮೂರೂವರೆಗೆ ಮತ್ತೆ ಶುರು. ಸರಿಯಾಗಿ ಆಗಲೇ ಈರುಳ್ಳಿ ಗಾಡಿಯವನ ಸ್ಪೀಕರ್ ನಮ್ಮ ಗೇಟಿನೆದುರೇ ಕೂಗಬೇಕೇ? ಅವನು ಮುಂದಿನ ಕ್ರಾಸ್ ದಾಟುವವರೆಗೆ ಕಾದೆವು. ಆಮೇಲೆ ನರ್ಸ್ ಬಂದಳು. ಕೂತಳು. ಶೂ ಬಿಚ್ಚಿದಳು. ಪ್ರೋಗ್ರಾಂಗೆ ಬರ್ತೀಯಾ ತಾನೇ ಎಂದು ಕೇಳಿದೆ. “ಬರ್ತೀನಿ ಕಣೇ. ಡ್ಯೂಟಿ ಇದ್ರೂ ಬರ್ತೀನಿ,” ಎಂದಳು. ಇಲ್ಲಿಯವರೆಗೆ ಸ್ಕ್ರಿಪ್ಟ್. ಮುಂದಿನದು ಸ್ಕ್ರಿಪ್ಟಿನಲ್ಲಿ ಇರಲಿಲ್ಲ. “ಬ್ಯಾಗ್ ನೋಡು, ಝಿಪ್ಪೇ ಹಾಕಿಲ್ಲ,” ಎಂದಳು.

ನಾನು ತಿರುಗಿ ನೋಡಿಯೇಬಿಟ್ಟೆ. ಅಲ್ಲಿ ಯಾವ ಬ್ಯಾಗೂ ಇರಲಿಲ್ಲ. ಈ ಕಡೆ ತಿರುಗುವಷ್ಟರಲ್ಲಿ ಅವಳು ಎದ್ದು ನಿಂತಿದ್ದಳು. ನಗುತ್ತಿದ್ದಳು.

ನಾನು ನೋಡದೇ ಹೋದದ್ದನ್ನು ಫೋನ್ ನೋಡಿತ್ತು. ಕುರ್ಚಿಯ ಕೈ ಹಿಡಿದ ಬೆರಳುಗಳು ಬಿಳಿಚಿಕೊಂಡಿದ್ದು, ಒಂದೇ ಒಂದು ಕ್ಷಣ ಕಣ್ಣು ಮುಚ್ಚಿದ್ದು, ಮಗಳು ತಿರುಗುವ ಮೊದಲೇ ಮುಖವನ್ನು ಸರಿಮಾಡಿಕೊಂಡಿದ್ದು. ನೋವನ್ನು ಅವಳು ತೋರಿಸಲೇ ಇಲ್ಲ. ಬಚ್ಚಿಟ್ಟಳು. ಬಚ್ಚಿಡುವುದು ಕಾಣಿಸಿತು. ಹದಿನೇಳು ವರ್ಷದ ವಿದ್ಯೆ ದಂಡವಾಗಲಿಲ್ಲ.

ನಾಲ್ಕಕ್ಕೆ ಕಳಿಸಿದೆವು. ಬುಧವಾರ ಫೋನ್ ಬಂತು. ಪಾತ್ರ ಅವಳದೇ. ಮುಂದಿನ ತಿಂಗಳು ಚಿಕ್ಕಜಾಲದ ಹತ್ತಿರ ಒಂದು ಮನೆಯಲ್ಲಿ ಶೂಟಿಂಗ್. ಒಂದೇ ಕಂಡೀಷನ್ ಅಂತೆ: ಕತ್ತು ಸ್ವಲ್ಪ ಕೆಳಗಿರಲಿ, ಮೇಡಂ. ಜುಬೇದಾ ಮಷೀನ್ ನಿಲ್ಲಿಸಿ ಕೆಳಗಿಳಿದು ಬಂದು ನನ್ನ ಎರಡೂ ಕೈ ಹಿಡಿದುಕೊಂಡರು.

ನನಗೂ ಖುಷಿಯೇ. ಆದರೆ ಆ ವಿಡಿಯೋ ನೋಡಿದ ಮೇಲೆ ಬೇರೆ ಯಾರೋ ನೆನಪಾಗುತ್ತಿದ್ದಾರೆ. ನನ್ನ ಅಮ್ಮ. ಅವಳು ನೆಲದ ಮೇಲೆ ಕೂತು ತರಕಾರಿ ಹೆಚ್ಚುತ್ತಿದ್ದಳು. ಮುಗಿದ ಮೇಲೆ ಪ್ರತಿ ಸಲವೂ, ಒಂದು ಲೋಟ ನೀರು ತಾ ಎಂದು ನನ್ನನ್ನು ಒಳಗೆ ಕಳಿಸುವಳು. ನಾನು ನೀರು ತರುವಷ್ಟರಲ್ಲಿ ಎದ್ದು ನಿಂತು ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ತುಂಬಿದ ಲೋಟ ಕಿಟಕಿಯ ಮೇಲೆ ಹಾಗೇ ಉಳಿಯುತ್ತಿತ್ತು. ಅಮ್ಮನಿಗೆ ಮರೆವು ಎಂದು ಅಕ್ಕ ನಾನು ನಗುತ್ತಿದ್ದೆವು.

ನಿಮ್ಮ ಅಮ್ಮ ನಿಮ್ಮಿಂದ ತರಿಸಿಕೊಂಡ ನೀರನ್ನು ಕುಡಿಯುತ್ತಾರಾ?