ರೋಸೇರ್ ಹೊಲಿದ ಸ್ವರ

ನದಿ ದಂಡೆಯ ಊರಾದ ರಿಮೂಸ್ಕಿಯ ಚರಿತ್ರೆ ಬರೆಯುವವರು ಜನವರಿಯ ಈ ಮಂಗಳವಾರವನ್ನು ಗುರುತು ಹಾಕಿಕೊಳ್ಳಬೇಕು. ಬೆಳಗಿನ ಐದೂಮುಕ್ಕಾಲಿಗೆ, ಚರ್ಚಿನ ನೆಲಮಾಳಿಗೆಯಲ್ಲಿ, ರೋಸೇರ್ ಪಾರಾದಿ ಒಂದು ಪೆಟ್ಟಿಗೆಗೆ ಹೊದಿಸಿದ ಮೂರು ಕಂಬಳಿಗಳಲ್ಲಿ ಒಂದನ್ನು ತೆಗೆಯುತ್ತಾರೆ. ಎರಡನೆಯದು ಆರೂಮುಕ್ಕಾಲಿಗೆ, ಮೂರನೆಯದು ಏಳೂಮುಕ್ಕಾಲಿಗೆ. ಒಟ್ಟಿಗೆ ತೆಗೆದರೆ ಶ್ರುತಿ ಇಳಿಯುತ್ತದೆ ಎಂಬುದು ಅವರ ನಂಬಿಕೆ. ಹೊರಗೆ ನದಿಯೇ ಹೆಪ್ಪುಗಟ್ಟಿರುವಾಗ ಅದನ್ನು ಅಲ್ಲಗಳೆಯುವ ಧೈರ್ಯ ಯಾರಿಗೂ ಇಲ್ಲ.

ಪೆಟ್ಟಿಗೆ ಪುಟ್ಟ ಪಿಯಾನೊದಂತಿದೆ. ಮೂವತ್ತೈದು ಕೀಗಳು, ಪ್ರತಿ ಕೀಯ ಕೆಳಗೆ ಒಂದು ತುಂಡು ಟೇಪು, ಪ್ರತಿ ಟೇಪಿನಲ್ಲಿ ಒಂದೇ ಸ್ವರ ಹಿಡಿದು ನಿಂತ ಒಂಬತ್ತು ಹೆಂಗಸರು. ಇದೇ ಚರ್ಚಿನ ಗಾಯನವೃಂದದವರು, ೧೯೭೪ರಲ್ಲಿ ಹಾಡಿದ್ದು. ಕೀ ಒತ್ತಿದರೆ ಶುರು ಮಾಡುತ್ತಾರೆ, ಎಂಟು ಸೆಕೆಂಡಿಗೆ ಟೇಪು ಮುಗಿದು ಸುಮ್ಮನಾಗುತ್ತಾರೆ.

"ನಾನು ಸಂಗೀತಗಾರ ಅಲ್ಲ, ಹೊಲಿಗೆ ಮೆಷಿನ್ ರಿಪೇರಿಯವನು," ಎನ್ನುತ್ತಾರೆ ಎಪ್ಪತ್ತನಾಲ್ಕರ ರೋಸೇರ್. "ಇದೂ ಒಂದು ಮೆಷಿನ್ನೇ. ಬಟ್ಟೆ ಬದಲು ಹೆಂಗಸರು, ಅಷ್ಟೇ."

ಪೆಟ್ಟಿಗೆ 'ಲಾ ಬ್ರುನಾಂತ್' ತಂಡದ್ದು. ಮೂರು ನಿಮಿಷದಲ್ಲಿ ಮುಗಿಯಬಹುದಾದದ್ದನ್ನು ಇಪ್ಪತ್ತು ನಿಮಿಷ ಬೆಳೆಸುವ, ಕೇಳುವವರು ತಾಳ ಏಳೋ ಹನ್ನೊಂದೋ ಎಂದು ಎಣಿಸುತ್ತ ಕಾಲು ತಟ್ಟಬೇಕಾದ ಪ್ರೋಗ್ರೆಸಿವ್ ರಾಕ್ ಅವರದು. ೧೯೭೧ರಲ್ಲಿ ಐದು ಜನ ಕಾಲೇಜು ಹುಡುಗರು ಕೂಡಿದರು. ಎರಡು ವರ್ಷದಲ್ಲಿ ಮೊದಲ ರೆಕಾರ್ಡು ಬಂತು, ಅದರ ಒಂದಿಡೀ ಮಗ್ಗುಲಿನ ಹಾಡು ನದಿಯ ಉಬ್ಬರದ ಬಗ್ಗೆಯೇ. ಪ್ರಾಂತ್ಯಕ್ಕೆ ಪ್ರಾಂತ್ಯವೇ ತಲೆದೂಗಿತು. ಎಂಬತ್ತರ ಹೊತ್ತಿಗೆ ಜನ ಕುಣಿಯಲು ಹೊರಟುಹೋದರು. ೧೯೮೩ರ ಆರನೆಯ ರೆಕಾರ್ಡನ್ನು ಕೊಂಡವರಲ್ಲಿ ಹೆಚ್ಚಿನವರು ತಂಡದ ನೆಂಟರು. ಅಲ್ಲಿಗೆ ನಿಂತಿತು. ಕೀಬೋರ್ಡಿನ ಗೆತಾನ್ ಲೆವೆಕ್ ಶಾಲೆಯಲ್ಲಿ ಮೇಷ್ಟರಾದರು, ಡ್ರಮ್ಮಿನವರು ಹಿಮ ತೆಗೆಯುವ ಗಾಡಿ ಹತ್ತಿದರು. ತಂಡದ ರಿಪೇರಿ ನೋಡಿಕೊಳ್ಳುತ್ತಿದ್ದ ರೋಸೇರ್ ಮಾತ್ರ ಪೆಟ್ಟಿಗೆಯನ್ನು ಮನೆಗೆ ಒಯ್ದು ವಾರಕ್ಕೊಮ್ಮೆ ಒರೆಸುತ್ತ ಬಂದರು.

ಆ ಮೂವತ್ತೈದರಲ್ಲಿ ಒಂದು ಮೂಕ: ನಡುವಿನ ಫಾ, ಡೋ ರೇ ಮೀ ಆದಮೇಲೆ ಬರುವ ಸ್ವರ. ೧೯೭೯ರ ಬೇಸಿಗೆಯಲ್ಲಿ, ಕಛೇರಿಗೆ ಅರ್ಧ ಗಂಟೆ ಇರುವಾಗ ಅದರ ಟೇಪು ಹರಿಯಿತು.

"ಅಂಟುಪಟ್ಟಿ ಹಾಕ್ಬೇಕಿತ್ತು. ನನ್ನ ಕೈ ಸೂಜಿಗೆ ಹೋಯ್ತು. ಹೊಲಿದುಬಿಟ್ಟೆ," ಎನ್ನುತ್ತಾರೆ ರೋಸೇರ್. "ಹೊಲಿಗೆ ಚೆನ್ನಾಗೇ ಇತ್ತು. ಟೇಪು ಒಳಗೆ ಸಿಕ್ಕಿ ಪೂರ್ತಿ ಪುಡಿಯಾಯ್ತು."

ಪಾದ್ರಿಗಳು ಅಷ್ಟರಲ್ಲಿ ರೆಕಾರ್ಡು ಕೇಳಿದ್ದರು. ಗಾಯನವೃಂದವನ್ನು ಮತ್ತೆ ಕೊಡಲಿಲ್ಲ. ಅಲ್ಲಿಂದಾಚೆ ಗೆತಾನ್ ಆ ಸ್ವರವನ್ನು ಮುಟ್ಟದೆ, ಸುತ್ತಿಕೊಂಡು ಹೋಗುವಂತೆ ಹಾಡು ಕಟ್ಟಿದರು. ಮಾಂಟ್ರಿಯಲ್‌ನ ವಿಮರ್ಶಕರೊಬ್ಬರು ಅದರಲ್ಲಿ ವೈರಾಗ್ಯ ಕಂಡರು.

"ಬೆಳಿಗ್ಗೆ ಒಂದೊಂದೇ ಕೀ ಒತ್ತಿ ನೋಡ್ತೀನಿ," ಎನ್ನುತ್ತಾರೆ ರೋಸೇರ್. "ಮೀ ಆದ್ಮೇಲೆ ಬೆರಳು ಹಾರ್ಬೇಕು. ಕತ್ತಲಲ್ಲಿ ಮೆಟ್ಟಿಲು ಇಳಿಯೋವಾಗ ಒಂದು ಮೆಟ್ಟಿಲು ಇಲ್ಲದ ಹಾಗೆ. ನಲವತ್ತನಾಲ್ಕು ವರ್ಷ ಆಯ್ತು, ಇನ್ನೂ ಅಭ್ಯಾಸ ಆಗಿಲ್ಲ. ಒಂದ್ಸಲ ಕೆಳಗಿಂದ ಮೇಲಕ್ಕೆ ಎಲ್ಲೂ ನಿಲ್ಲದೆ ಕೇಳ್ಬೇಕು ಅಂತ ಆಸೆ."

ಈಗ ತಂಡ ಈ ನೆಲಮಾಳಿಗೆಯಲ್ಲಿ ಮತ್ತೆ ಕೂಡಿದೆ, ಪೆಟ್ಟಿಗೆಯೂ ಇಲ್ಲಿಗೆ ಬಂದಿದೆ. ನಲವತ್ತೊಂದು ವರ್ಷಗಳ ಮೇಲೆ ಗೆತಾನ್ ಬರೆದ ಒಂದು ಹೊಸ ಹಾಡು, ಅದರ ಕಟ್ಟಕಡೆಯ ಸ್ವರ ನಡುವಿನ ಫಾ, ಒಂಟಿಯಾಗಿ. ಗುರುವಾರ ಧ್ವನಿಮುದ್ರಣ. ಅಷ್ಟರೊಳಗೆ ಫಾ ಬರದಿದ್ದರೆ ಹಾಡು ಕಂಪ್ಯೂಟರಿನಲ್ಲಿ, ಪೆಟ್ಟಿಗೆ ಊರಿನ ಮ್ಯೂಸಿಯಮ್ಮಿನ ಗಾಜಿನೊಳಗೆ ಎಂದು ತೀರ್ಮಾನವಾಗಿದೆ.

"ಫಾ ಇಲ್ಲಾಂತ ಮರೆತು ಬರೆದೆಯೇನೋ?" ಎಂದು ರೋಸೇರ್ ಕೇಳುತ್ತಾರೆ.

"ಇಲ್ಲ ಮಾರಾಯ," ಎನ್ನುತ್ತಾರೆ ಗೆತಾನ್, ಕೋಟಿನ ಹಿಮ ಕೊಡವುತ್ತ. "ನಿನ್ನ ಸೂಜಿ ದೆಸೆಯಿಂದ ಜನ್ಮವಿಡೀ ಸುತ್ತು ದಾರಿ ಹಿಡಿದೆ. ಈ ಮೊಣಕಾಲಲ್ಲಿ ಇನ್ನು ಸುತ್ತೋಕಾಗಲ್ಲ."

ಒಂಬತ್ತು ಹೆಂಗಸರಲ್ಲಿ ಈಗ ಉಳಿದಿರುವುದು ಕ್ಲೆಮಾನ್ಸ್ ದ್ಯುಬೆ ಒಬ್ಬರೇ. ಎಂಬತ್ತಾರು ವರ್ಷ, ವೃದ್ಧಾಶ್ರಮದ ಎರಡನೆಯ ಮಹಡಿ. ಬುಧವಾರ ಮಧ್ಯಾಹ್ನ ರೋಸೇರ್ ಟೇಪ್ ರೆಕಾರ್ಡರನ್ನೂ ಬಟ್ಟೆಯಲ್ಲಿ ಸುತ್ತಿದ ಮಾಂಸದ ಪೈಯನ್ನೂ ಹೊತ್ತು ಹೋಗುತ್ತಾರೆ.

"ಯಾರು, ಹೊಲಿದವನಾ?"

"ಹೌದು ಮದಾಮ್."

"ಹಾಡಿದ್ರೆ ಊಟ ಹಾಕಿಸ್ತೀವಿ ಅಂದಿದ್ರಿ."

"ತಂದಿದ್ದೀನಿ, ಮದಾಮ್."

ಆಕೆ ಪೈ ಮುಟ್ಟಿ ನೋಡುತ್ತಾರೆ. "ತಣ್ಣಗಾಗಿದೆ."

"ದಾರೀಲಿ ವಿಪರೀತ ಚಳಿ."

"ಐವತ್ತು ವರ್ಷ ದಾರೀಲಿದ್ರೆ ಇನ್ನೇನಾಗುತ್ತೆ."

ರೋಸೇರ್ ಬಂದ ಕೆಲಸ ಹೇಳುತ್ತಾರೆ. ಆಕೆ ಬಾಗಿಲ ಕಡೆ ನೋಡುತ್ತಾರೆ. "ಮಿಕ್ಕವರು ಯಾವಾಗ ಬರ್ತಾರೆ?"

"ನೀವೊಬ್ರೇ, ಮದಾಮ್."

ಆಕೆ ಕಾಲರು ಸರಿಮಾಡಿಕೊಂಡು ನೆಟ್ಟಗೆ ಕೂರುತ್ತಾರೆ. "ಹಾಗಾದ್ರೆ ಸ್ವಲ್ಪ ಜೋರಾಗಿ ಹಾಡ್ಬೇಕು."

ಮೊದಲ ಸಲ ಮೂರು ಸೆಕೆಂಡು, ಕೆಮ್ಮು. ಮೂರನೆಯ ಸಲ ನಾಲ್ಕು. ಆರನೆಯ ಸಲ ಐದು. ಎಂಟು ಬೇಕಿತ್ತೆಂದು ರೋಸೇರ್ ಹೇಳುವುದಿಲ್ಲ. "ಆಯ್ತು ಮದಾಮ್," ಎಂದು ರೆಕಾರ್ಡರು ಆರಿಸುತ್ತಾರೆ.

ರಾತ್ರಿಯೇ ಆ ಟೇಪು ಫಾದ ಕೀಯ ಕೆಳಗೆ ಸೇರಿದೆ. ಗುರುವಾರ ಕೊನೆಯ ಕಂಬಳಿ ತೆಗೆದ ಮೇಲೆ, ರೋಸೇರ್ ಕೆಳಗಿನಿಂದ ಮೇಲಕ್ಕೆ ಮೂವತ್ತೈದನ್ನೂ ಒತ್ತುತ್ತಾರೆ. ಒಂಬತ್ತು ಜನ ಹಾಡುತ್ತ ಬಂದು, ಒಂದು ಕಡೆ ಒಬ್ಬರೇ ಆಗಿ, ಮತ್ತೆ ಒಂಬತ್ತಾಗುತ್ತಾರೆ. ಗೆತಾನ್ ಬಾಗಿಲಲ್ಲೇ ನಿಂತು ಕೇಳಿಸಿಕೊಳ್ಳುತ್ತಾರೆ.

"ಒಂದೇ ದನಿ ಅಂತ ಗೊತ್ತಾಗುತ್ತಲ್ಲೋ."

"ಆಗ್ಲಿ."

"ಐದೇ ಸೆಕೆಂಡು ಇದೆ. ಕಂಪ್ಯೂಟರಲ್ಲಿ ಎಳೆದು ಎಂಟು ಮಾಡ್ಬಹುದಂತೆ."

"ಅವರ ಉಸಿರು ಇದ್ದಿದ್ದೇ ಅಷ್ಟು," ಎನ್ನುತ್ತಾರೆ ರೋಸೇರ್. "ಈ ಸಲ ನಾನು ಏನನ್ನೂ ಜೋಡಿಸಲ್ಲ."

ಗೆತಾನ್ ಕೋಟು ಕಳಚಿ ಪೆಟ್ಟಿಗೆಯ ಮುಂದೆ ಕೂರುತ್ತಾರೆ. ಹಾಡು ಹನ್ನೊಂದು ನಿಮಿಷ ನಲವತ್ತು ಸೆಕೆಂಡು ಆಗಬೇಕಿತ್ತು. ಮೂರು ಸೆಕೆಂಡು ಕಡಿಮೆಯಾಗಿದೆ.