ಲಾಂಚು ಬಾರದ ದಿನ

ಷಣ್ಮುಖಪ್ಪನಿಗೆ ನೀರೆಂದರೆ ಭಯ. ಚೌಳಹಿರಿಯೂರಿನ ಬಯಲಿನಲ್ಲಿ ಹುಟ್ಟಿ ಬೆಳೆದವನು. ಬಾವಿಯ ನೀರನ್ನು ಪಂಪು ಹಚ್ಚಿ ಮೇಲೆತ್ತುವುದು ಬಿಟ್ಟರೆ ನೀರಿಗೂ ಅವನಿಗೂ ಬೇರೆ ಸಂಬಂಧವೇ ಇರಲಿಲ್ಲ. ಈಜು ಬಾರದು. ಅಂಥವನು ಭದ್ರಾ ಅಣೆಕಟ್ಟಿನ ಹಿನ್ನೀರಿನ ಮೇಲೆ ವರ್ಷಗಟ್ಟಲೆ ಲಾಂಚು ಓಡಿಸಿದ ಎಂದರೆ ಅವನ ಊರಿನವರೇ ನಂಬುತ್ತಿರಲಿಲ್ಲ.

ಅವನನ್ನು ಲಕ್ಕವಳ್ಳಿಗೆ ಕರೆಸಿಕೊಂಡದ್ದು ಅಕ್ಕ ತೀರ್ಥಮ್ಮನ ಗಂಡ ಗಂಗಾಧರಯ್ಯ. ಎಪ್ಪತ್ತರ ದಶಕದ ನಡುವಿನ ಮಾತು. ಗಂಗಾಧರಯ್ಯ ಯಾವುದೋ ಹರಾಜಿನಲ್ಲಿ ಒಂದು ಹಳೆಯ ಮರದ ಲಾಂಚು ಹಿಡಿದಿದ್ದ. ಹಿನ್ನೀರಿನ ಆಚೆ ದಡದಲ್ಲಿ, ಕಾಡಿನ ಅಂಚಿಗೆ ಅಂಟಿಕೊಂಡು ಒಂದಷ್ಟು ಮನೆಗಳಿದ್ದವು. ಅಲ್ಲಿಯವರು ಸಂತೆಗೆ, ಆಸ್ಪತ್ರೆಗೆ, ಮದುವೆ ಮುಂಜಿಗೆ ಈಚೆ ಬರಬೇಕೆಂದರೆ ಕಾಡು ಸುತ್ತಿಕೊಂಡು ಒಂದು ಹಗಲು ನಡೆಯಬೇಕು. ಲಾಂಚು ಬಂದ ಮೇಲೆ ಅವರ ಬದುಕು ಸುಲಭವಾಯಿತು. ಎಂಜಿನ್ ಮಾತ್ರ ಯಾವ ಕಾಲದ್ದೋ. ಒಂದು ದಿನ ಓಡಿದರೆ ಎರಡು ದಿನ ಮುನಿಸಿಕೊಳ್ಳುತ್ತಿತ್ತು. "ನಿನ್ನ ತಮ್ಮಂಗೆ ಪಂಪ್‌ಸೆಟ್ ಕೆಲಸ ಗೊತ್ತಲ್ಲೇ, ಇಲ್ಲೇ ಬಂದಿರ್ಲಿ ಕಣೇ" ಎಂದು ಗಂಗಾಧರಯ್ಯ ಹೆಂಡತಿಗೆ ಹೇಳಿದ. ಮದುವೆಯಾಗಿರದ ಷಣ್ಮುಖಪ್ಪ ಟ್ರಂಕು ಹೊತ್ತುಕೊಂಡು ಬಂದ.

ಬಂದ ದಿನವೇ ಅವನ ಮೂಗಿಗೆ ಬಡಿದದ್ದು ಪೆಟ್ರೋಲ್ ವಾಸನೆ. ಎಂಜಿನ್ನಿನ ಮೇಲಿದ್ದ ಮರದ ಪೆಟ್ಟಿಗೆಯ ಮುಚ್ಚಳ ಎತ್ತಿದರೆ ಕಣ್ಣು ಉರಿಯುವಷ್ಟು ಘಾಟು. ಪೆಟ್ರೋಲನ್ನು ಗಾಳಿಗೆ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬುರೇಟರಿನ ಬಟ್ಟಲಿನ ಅಂಚಿನಿಂದ ತೊಟ್ಟು ತೊಟ್ಟಾಗಿ ಪೆಟ್ರೋಲ್ ಜಿನುಗಿ, ಅಡಿಯ ಹಲಗೆಗಳ ಸಂದಿಗೆ ಇಳಿದು, ಅಲ್ಲಿ ನಿಂತ ನೀರಿನ ಮೇಲೆ ಬಣ್ಣಬಣ್ಣದ ಪೊರೆ ಕಟ್ಟಿತ್ತು. ಹೊಲದ ಎಂಜಿನ್ನಿನಲ್ಲಿ ಪೆಟ್ರೋಲ್ ಸೋರಿದರೆ ಮಣ್ಣು ಕುಡಿಯುತ್ತದೆ, ಗಾಳಿ ಹೊತ್ತುಕೊಂಡು ಹೋಗುತ್ತದೆ. ಇಲ್ಲಿ ಅದು ದೋಣಿಯ ಹೊಟ್ಟೆಯಲ್ಲೇ ಕೂತಿರುತ್ತದೆ. ಮೇಲೆ ಜನ ಕೂತಿರುತ್ತಾರೆ.

ಅವನು ಭಾವನಿಗೆ ಹೇಳಿದ. ಗಂಗಾಧರಯ್ಯ ನಕ್ಕ. "ನಾನು ತಗೊಂಡಾಗ್ಲಿಂದ ತೊಟ್ಟಿಕ್ತಾ ಐತೆ ಕಣೋ. ಸೋಪು ಮೆತ್ತು, ನಿಲ್ತದೆ."

ಷಣ್ಮುಖಪ್ಪ ಬಟ್ಟೆ ಒಗೆಯುವ ಸೋಪು ಕಲೆಸಿ ಬಟ್ಟಲಿನ ಸುತ್ತ ಮೆತ್ತಿದ. ನೂಲು ಸುತ್ತಿದ. ಎರಡು ದಿನ ನಿಂತಿತು, ಮತ್ತೆ ಜಿನುಗಿತು. ಮತ್ತೆ ಮೆತ್ತಿದ. ಹೀಗೇ ಬೇಸಿಗೆ ಕಳೆಯಿತು. ಸೋರಿಕೆಯ ಮೂಲ ಹೊರಗಿಲ್ಲ, ಒಳಗಿದೆ ಎಂದು ಅವನಿಗೆ ಗೊತ್ತಿತ್ತು. ಬಿಚ್ಚಿ ನೋಡಲು ಒಂದು ದಿನ ಲಾಂಚು ನಿಲ್ಲಿಸಬೇಕು. ಗಂಗಾಧರಯ್ಯ ಆ ಒಂದು ದಿನ ಕೊಡಲಿಲ್ಲ.

ಆಷಾಢದ ಒಂದು ಸಂಜೆ ಆಚೆ ದಡಕ್ಕೆ ಜನ ತುಂಬಿಕೊಂಡು ಹೊರಡಲು ಎಂಜಿನ್ನಿನ ಹಗ್ಗ ಎಳೆದಾಗ, ಅದು ಹಿಂದಕ್ಕೆ ಒದ್ದು ಕಾರ್ಬುರೇಟರಿನ ಬಾಯಿಂದ ಭಗ್ಗೆಂದು ಬೆಂಕಿ ಕಾರಿತು. ಸೋಪು ಮೆತ್ತಿದ್ದ ಜಾಗದಲ್ಲಿ ನೀಲಿ ಜ್ವಾಲೆ ಓಡಾಡಿತು. ಷಣ್ಮುಖಪ್ಪ ಕೈಗೆ ಸಿಕ್ಕ ಒದ್ದೆ ಗೋಣಿಚೀಲ ಎಸೆದು ಅದರ ಮೇಲೆ ಮೈಚೆಲ್ಲಿ ಬಿದ್ದ. ಬೆಂಕಿ ಆರಿತು. ಹುಚ್ಚಮ್ಮ ಎಂಬ ಮುದುಕಿಯ ಸೆರಗಿನ ಅಂಚು ಕರಕಲಾಗಿತ್ತು, ಅಷ್ಟೇ. ಗಾಬರಿ ಇಳಿದ ಮೇಲೆ ಎಲ್ಲರೂ ಅವಳನ್ನು ಛೇಡಿಸಿ ನಕ್ಕರು. ಅವಳೂ ನಕ್ಕಳು. ಷಣ್ಮುಖಪ್ಪನಿಗೆ ನಗಲಾಗಲಿಲ್ಲ. ದೋಣಿಯ ಸುತ್ತಲೂ ನೀರು, ಒಳಗೆ ಬೆಂಕಿ. ಇವರೆಲ್ಲ ಯಾವ ಕಡೆ ಹಾರುತ್ತಿದ್ದರು?

ಮನೆಗೆ ಬಂದವನೇ ಭಾವನ ಎದುರು ನಿಂತ.

"ನಾಳೆ ಲಾಂಚು ಬಿಡಬ್ಯಾಡಿ ಭಾವ. ಬಿಚ್ಚಿ ರಿಪೇರಿ ಮಾಡ್ತೀನಿ."

"ನಾಳೆ ಸಂತೆ ಕಣೋ! ಆಚೆ ಜನ ಕಾಯ್ತಿರ್ತಾರೆ. ಸಂತೆ ಮುಗೀಲಿ, ನೋಡೋಣ."

"ಇವತ್ತು ಹತ್ಕೊಂಡ್ಬಿಟ್ಟಿತ್ತು ಭಾವ. ನೀವು ನೋಡ್ಲಿಲ್ಲ."

"ಹತ್ಕೊಂಡಿತ್ತು, ಆರಿಸ್ದೆ. ಆಯ್ತಲ್ಲ! ಎರಡು ಅಕ್ಷರ ಎಂಜಿನ್ ಕಲ್ತವ್ನು ನನಗೆ ಹೇಳಕ್ ಬಂದ್ಬಿಟ್ಟ."

ಮರುದಿನ ಬೆಳಕು ಹರಿಯುತ್ತಲೇ ಷಣ್ಮುಖಪ್ಪ ದಡಕ್ಕೆ ಹೋಗಿ, ಟ್ಯಾಂಕಿನ ನಲ್ಲಿ ಮುಚ್ಚಿ, ಕಾರ್ಬುರೇಟರನ್ನೇ ಬಿಚ್ಚಿಕೊಂಡ. ಚಿಂದಿ ಬಟ್ಟೆಯಲ್ಲಿ ಸುತ್ತಿ ಕೈಚೀಲಕ್ಕೆ ಹಾಕಿದ. ಹಿತ್ತಿಲಲ್ಲಿ ಮುಖ ತೊಳೆಯುತ್ತಿದ್ದ ಅಕ್ಕನಿಗೆ, "ತರೀಕೆರೆಗೆ ಹೋಗ್ತಾ ಇದೀನಿ, ಸಂಜೆಗೆ ಬತ್ತೀನಿ ಅಂತ ಭಾವಂಗೆ ಹೇಳಕ್ಕ" ಎಂದ. ತೀರ್ಥಮ್ಮ ಏನೋ ಕೇಳುವಷ್ಟರಲ್ಲಿ ಅವನು ಬಸ್ಸಿನತ್ತ ಓಡಿದ್ದ.

ದಾರಿಯುದ್ದಕ್ಕೂ ಅವನ ಚೀಲದ ವಾಸನೆಗೆ ಪಕ್ಕದಲ್ಲಿದ್ದವರು ಮೂಗು ಮುಚ್ಚಿಕೊಂಡರು. ತಾನು ಮಾಡಿದ್ದು ಸರಿ ಎಂಬ ಧೈರ್ಯ ಅವನಿಗಿತ್ತು. ಭಾವ ಬೈಯಬಹುದು, ಮನೆಯಿಂದ ಹೋಗೆನ್ನಬಹುದು. ಅದಕ್ಕೂ ಸಿದ್ಧನಾಗಿದ್ದ.

ತರೀಕೆರೆ ಬಸ್ ಸ್ಟ್ಯಾಂಡಿನ ಹಿಂದೆ ದತ್ತಾತ್ರಿ ಎಂಬವನು ಸ್ಟೌ, ಪೆಟ್ರೋಮ್ಯಾಕ್ಸ್ ರಿಪೇರಿ ಅಂಗಡಿ ಇಟ್ಟಿದ್ದ. ಅವನ ಬೆಸುಗೆ ನಂಬುವಂಥದ್ದು. ಇಬ್ಬರೂ ಸೇರಿ ಬಟ್ಟಲು ಬಿಚ್ಚಿದರು. ಒಳಗೆ ಹಿತ್ತಾಳೆಯ ಪುಟ್ಟ ಪೊಳ್ಳು ಡಬ್ಬಿ, ಫ್ಲೋಟು. ಪೆಟ್ರೋಲ್ ಏರಿದಂತೆ ಅದು ತೇಲಿ ಮೇಲೆದ್ದು ಒಂದು ಸೂಜಿಯನ್ನು ಒತ್ತಿ ಪೆಟ್ರೋಲ್ ಬರುವ ಕಂಡಿಯನ್ನು ಮುಚ್ಚಬೇಕು. ಷಣ್ಮುಖಪ್ಪ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಎಳನೀರಿನಂತೆ ಕುಲುಕಿತು.

"ಒಳಗೆ ತುಂಬ್ಕೊಂಡೈತೆ. ತೇಲೋದು ಮುಳುಗ್ತಾ ಐತೆ. ಕಂಡಿ ಎಲ್ಲಿ ಮುಚ್ತದೆ?"

ಪಕ್ಕದ ಹೋಟೆಲಿನಿಂದ ಬಿಸಿನೀರು ತಂದು ಮುಳುಗಿಸಿದರು. ಅಂಚಿನ ಒಂದು ಕಡೆಯಿಂದ ಸಣ್ಣ ಗುಳ್ಳೆಗಳ ಸಾಲು ಎದ್ದಿತು. ಸೂಜಿ ಮೊನೆಯಷ್ಟೂ ಇಲ್ಲದ ತೂತು.

"ಹಾಕ್ಬಿಡು ಒಂದು ಬೆಸುಗೆ" ಎಂದ ಷಣ್ಮುಖಪ್ಪ, ಅವಸರದಲ್ಲಿ.

"ಹುಡುಗಾಟನಾ? ಒಳಗೆ ಪೆಟ್ರೋಲ್ ಇಟ್ಕೊಂಡು ಕಾವು ತೋರಿಸ್ಲಾ? ನಿನ್ನ ಮುಖಾನೂ ಇರಲ್ಲ, ನನ್ನ ಮುಖಾನೂ ಇರಲ್ಲ" ಎಂದ ದತ್ತಾತ್ರಿ.

ಇನ್ನೊಂದು ಮಗ್ಗುಲಿಗೆ ಮೊಳೆಯ ಮೊನೆಯಿಂದ ಎರಡನೇ ತೂತು ಕೊರೆದು, ಊದಿ ಊದಿ ಪೆಟ್ರೋಲ್ ಹೊರಹಾಕಿದರು. ಮತ್ತೆ ಮತ್ತೆ ಬಿಸಿನೀರಿಗೆ ಹಾಕಿ ಉಳಿದದ್ದನ್ನು ಆವಿಯಾಗಿಸಿದರು. ಅದು ಪೂರ್ತಿ ಒಣಗುವವರೆಗೆ ಷಣ್ಮುಖಪ್ಪ ಸೂಜಿಯ ಕಡೆ ತಿರುಗಿದ. ಅದರ ಮೊನೆಯ ಸುತ್ತ ಉಗುರಿಗೆ ಸಿಗುವಂಥ ಗೀರು. ಲೋಹ ಸವೆಸುವ ಪೇಸ್ಟು ಹಚ್ಚಿ, ಬೆರಳ ತುದಿಯಲ್ಲಿ ಹೊರಳಿಸುತ್ತ ಅದರ ಕಂಡಿಯಲ್ಲೇ ಉಜ್ಜಿದ. ಸೂಜಿ ಕೂರಿಸಿ ಕಂಡಿಯಿಂದ ಗಾಳಿ ಎಳೆದರೆ ಒಂದಿಷ್ಟೂ ಬಾರದೆ ನಾಲಿಗೆಗೆ ಕಚ್ಚಿಕೊಳ್ಳುವವರೆಗೆ ಉಜ್ಜಿದ. ಮಧ್ಯಾಹ್ನ ದಾಟಿದ ಮೇಲೆ ದತ್ತಾತ್ರಿ ಎರಡು ತೂತಿಗೂ ಬೆಸುಗೆ ಹಾಕಿ ಕೊಟ್ಟ. ಬಿಸಿನೀರಲ್ಲಿ ಗುಳ್ಳೆ ಏಳಲಿಲ್ಲ. ಷಣ್ಮುಖಪ್ಪನ ಮುಖದಲ್ಲಿ ಆ ದಿನ ಮೊದಲ ಬಾರಿಗೆ ನಗು ಮೂಡಿತು. ಇಬ್ಬರೂ ಟೀ ಕುಡಿದರು. ಗಾಳಿ ಅಂಗಡಿಯ ತಗಡನ್ನು ಎತ್ತಿ ಎತ್ತಿ ಹಾಕುತ್ತಿತ್ತು.

ಲಕ್ಕವಳ್ಳಿಯಲ್ಲಿ ಬಸ್ಸಿಳಿದಾಗ ಇನ್ನೂ ಬೆಳಕಿತ್ತು. ದಡದಲ್ಲಿ ಜನ ಗುಂಪುಗೂಡಿದ್ದರು. ತನ್ನನ್ನು ಬೈಯಲು ಇಷ್ಟು ಜನವೇ ಎಂದುಕೊಂಡು ಹತ್ತಿರ ಹೋದ. ಯಾರೂ ಬೈಯಲಿಲ್ಲ. ಗಂಗಾಧರಯ್ಯ ನೀರಿನ ಕಡೆ ಮುಖ ಮಾಡಿ ಕುಕ್ಕರಗಾಲಲ್ಲಿ ಕೂತಿದ್ದ. ಹೇಳಿದವಳು ಅಕ್ಕ.

ಆಚೆ ದಡದ ಕರಿಸಿದ್ದಪ್ಪನಿಗೆ ಮೂರು ದಿನದಿಂದ ಹಲ್ಲುನೋವು. ಕೆನ್ನೆ ಬಾತು ಬಾಯಿ ತೆರೆಯಲಾಗುತ್ತಿರಲಿಲ್ಲ. ಸಂತೆಯ ದಿನ ಲಾಂಚು ಹೇಗೂ ಬರುತ್ತದೆ, ತರೀಕೆರೆಗೆ ಹೋಗಿ ಕೀಳಿಸಿಕೊಂಡು ಬರುತ್ತೇನೆ ಎಂದು ಬೆಳಿಗ್ಗೆಯೇ ನೀರಿನ ಹತ್ತಿರ ಬಂದು ಕೂತಿದ್ದ. ಉಳಿದವರು ಕಾದು ಕಾದು ಮನೆಗೆ ಹಿಂದಿರುಗಿದರು. ಅವನು ಹೋಗಲಿಲ್ಲ. ಮಧ್ಯಾಹ್ನ ನೋವು ತಡೆಯಲಾರದೆ ಮೀನು ಹಿಡಿಯುವವರ ಬಿದಿರಿನ ತೆಪ್ಪ ಬಿಚ್ಚಿಕೊಂಡು ಒಬ್ಬನೇ ಹೊರಟ. ನಡು ನೀರಿನಲ್ಲಿ ಗಾಳಿ ಸಿಕ್ಕಿತು. ಈಚೆ ದಡದವರು ಕಣ್ಣಾರೆ ಕಂಡರು. ತೆಪ್ಪ ಮಗುಚಿತು, ತಲೆ ಒಮ್ಮೆ ಕಾಣಿಸಿತು, ಮತ್ತೆ ಕಾಣಿಸಲಿಲ್ಲ. ಹೋಗಿ ಎತ್ತಿಕೊಳ್ಳಲು ದಡದಲ್ಲಿದ್ದದ್ದು ಒಂದೇ ಲಾಂಚು, ಅದೂ ಕಾರ್ಬುರೇಟರಿಲ್ಲದ ಲಾಂಚು.

ಷಣ್ಮುಖಪ್ಪನ ಕೈಚೀಲ ಕೆಳಗೆ ಬಿತ್ತು. ಗಂಗಾಧರಯ್ಯ ಆಗ ಎದ್ದ.

"ಹಾಕು ಅದನ್ನ. ಹುಡುಕಕ್ಕಾದ್ರೂ ಹೋಗೋಣ" ಎಂದ. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಷಣ್ಮುಖಪ್ಪನಿಗೆ ಹಗುರವಾಗುತ್ತಿತ್ತು.

ಅವನು ಕಾರ್ಬುರೇಟರನ್ನು ಮತ್ತೆ ಕೂರಿಸಿ ನಟ್ಟು ಬಿಗಿಯತೊಡಗಿದ. ಒಂದು ಜಾರಿ ಅಡಿಯ ಹಲಗೆಯ ಸಂದಿಗೆ ಬಿತ್ತು. ಗಂಗಾಧರಯ್ಯ ಮೊಣಕಾಲೂರಿ ಅದನ್ನು ತಡಕಿ ತೆಗೆದುಕೊಟ್ಟ. ಎಲ್ಲ ಬಿಗಿಯಾಗಿ ನಲ್ಲಿ ತಿರುಗಿಸಿದರೆ ಬಟ್ಟಲಿನ ಅಂಚಿನಲ್ಲಿ ಮತ್ತೆ ಒಂದು ತೊಟ್ಟು ಕಟ್ಟಿತು. ದಪ್ಪಗಾಯಿತು. ಬಿತ್ತು. ಇದಕ್ಕಾಗಿಯೇ ಒಂದು ಜೀವ ಹೋಯಿತಲ್ಲ, ಆದರೂ ಸೋರುವುದು ನಿಲ್ಲಲಿಲ್ಲವಲ್ಲ!

"ನಿಧಾನ ಮಾಡು" ಎಂದ ಗಂಗಾಧರಯ್ಯ, ಮೆಲ್ಲಗೆ.

ಎರಡು ಬೆಸುಗೆಯ ಭಾರಕ್ಕೆ ಫ್ಲೋಟು ಮೊದಲಿಗಿಂತ ತಗ್ಗಿನಲ್ಲಿ ತೇಲುತ್ತಿದೆ, ಅದು ಸೂಜಿಯನ್ನು ಮುಟ್ಟುವಷ್ಟರಲ್ಲಿ ಬಟ್ಟಲು ತುಂಬಿ ಚೆಲ್ಲುತ್ತಿದೆ ಎಂದು ಆಮೇಲೆ ಹೊಳೆಯಿತು. ಮತ್ತೆ ಬಿಚ್ಚಿ, ಸೂಜಿಯನ್ನು ಒತ್ತುವ ತಗಡಿನ ನಾಲಿಗೆಯನ್ನು ಕೂದಲೆಳೆಯಷ್ಟು ಬಗ್ಗಿಸಿ ಜೋಡಿಸಿದ. ಒಣ ಬಟ್ಟೆಯಿಂದ ಒರೆಸಿ ಕಾದ. ಬೆರಳಿಟ್ಟು ನೋಡಿದ. ಬೆರಳು ಒಣಗಿಯೇ ಇತ್ತು. ಎಂಜಿನ್ ಒಂದೇ ಎಳೆತಕ್ಕೆ ಹತ್ತಿತು, ಎಂದೂ ಇಲ್ಲದಷ್ಟು ನಯವಾಗಿ.

ಆ ಸಂಜೆ ಸಿಕ್ಕಿದ್ದು ತೆಪ್ಪ ಮಾತ್ರ. ಕರಿಸಿದ್ದಪ್ಪ ಸಿಕ್ಕಿದ್ದು ಮರುದಿನ ಬೆಳಿಗ್ಗೆ, ಮುಳುಗಡೆಯಾದ ಹಳೆಯ ಮರವೊಂದರ ಕೊಂಬೆಯಲ್ಲಿ. ಅವನನ್ನು ಲಾಂಚಿಗೆ ಎತ್ತಿಕೊಂಡವರಲ್ಲಿ ಷಣ್ಮುಖಪ್ಪನೂ ಒಬ್ಬ. ಮುಖದ ಬಾವು ಹಾಗೇ ಇತ್ತು.

ಮಣ್ಣಾದ ಮೇಲೆ ಅವನು ಕರಿಸಿದ್ದಪ್ಪನ ಹೆಂಡತಿ ದುರ್ಗಮ್ಮನ ಎದುರು ಹೋಗಿ ನಿಂತ. ಗಂಗಾಧರಯ್ಯ ಬೇಡವೆಂದಿದ್ದ. ಲಾಂಚು ಯಾಕೆ ಬರಲಿಲ್ಲವೆಂದು ಮೊದಲಿಂದ ಹೇಳಿದ. ಬೆಂಕಿಯ ವಿಷಯ ಹೇಳಿದ. ಅವಳು ಗೋಡೆಗೊರಗಿ ಕೂತು ಕೇಳಿದಳು.

"ಬೆಂಕಿ ಹತ್ತಿದ್ದು ನನಗೂ ಗೊತ್ತು. ಹುಚ್ಚಮ್ಮ ನಮ್ಮತ್ತೆ. ಸೆರಗು ತೋರಿಸಿದ್ಲು" ಎಂದಳು. "ನೀನು ರಿಪೇರಿ ಮಾಡಿದ್ದು ತಪ್ಪು ಅಂತ ನಾನು ಹೇಳಲ್ಲ ಕಣಪ್ಪ. ಬರಕ್ಕಾಗಲ್ಲ ಅಂತ ನಮಗೊಂದು ಮಾತು ಹೇಳ್ಬೇಕಿತ್ತು. ಬರಲ್ಲ ಅಂತ ಗೊತ್ತಾಗಿದ್ರೆ ಕತ್ತಲಲ್ಲೇ ಎದ್ದು ಕಾಡು ದಾರಿ ಹಿಡಿದು ನಡ್ಕೊಂಡೇ ಹೋಗಿರೋರು. ಬತ್ತದೆ ಬತ್ತದೆ ಅಂತ ಕೂತ್ರಲ್ಲ" ಎಂದಳು.

ಬೆಂಕಿ, ನೀರು, ಭಾವನ ಹಟ, ತನ್ನ ಹಟ, ಎಲ್ಲವನ್ನೂ ಷಣ್ಮುಖಪ್ಪ ಆ ಎರಡು ದಿನದಲ್ಲಿ ಅಳೆದು ತೂಗಿದ್ದ. ಈ ಒಂದು ಮಾತು ಅವನಿಗೆ ಹೊಳೆದೇ ಇರಲಿಲ್ಲ.

ಎಲ್ಲರೂ ಅವನು ಊರಿಗೆ ಹೊರಟುಹೋಗುತ್ತಾನೆ ಎಂದುಕೊಂಡರು. ಅವನು ಹೋಗಲಿಲ್ಲ. ಅದುವರೆಗೆ ಕೂಲಿಯಾಳೊಬ್ಬ ಹಿಡಿಯುತ್ತಿದ್ದ ಲಾಂಚಿನ ಚುಕ್ಕಾಣಿಯನ್ನೂ ಮುಂದಿನ ವಾರದಿಂದ ತಾನೇ ಹಿಡಿದ. ಪ್ರತಿ ಸಲ ದಡ ಬಿಡುವಾಗ ನೀರಿನ ಕಡೆ ನೋಡದೆ ಆಚೆ ದಡದ ಮೇಲೇ ಕಣ್ಣು ನೆಡುತ್ತಿದ್ದ. ದಡದ ಎತ್ತರದ ಗುಡ್ಡದ ಮೇಲೆ ಒಂದು ಗಳ ನೆಟ್ಟ. ಲಾಂಚು ಹೊರಡದ ದಿನ ಅದರ ತುದಿಗೆ ಬಿಳಿ ಪಂಚೆ ಕಟ್ಟುತ್ತೇನೆ, ಕಂಡರೆ ಕಾಯಬೇಡಿ ಎಂದು ಆಚೆಯ ಮನೆಮನೆಗೂ ಹೋಗಿ ಹೇಳಿಬಂದ. ಗಂಗಾಧರಯ್ಯ ಅಡ್ಡ ಬರಲಿಲ್ಲ. ಆ ಸಂತೆಯ ದಿನದ ಮೇಲೆ ಅವನೇ ಎಷ್ಟೋ ಸಲ, "ವಾಸ್ನೆ ಬತ್ತಾ ಐತೇನೋ, ನೋಡೋ" ಎಂದು ಪೆಟ್ಟಿಗೆಯ ಮುಚ್ಚಳ ಎತ್ತಿಸುತ್ತಿದ್ದ. ಆದರೆ ಭಾವಮೈದುನರ ನಡುವೆ ಹಿಂದಿನ ಸಲಿಗೆ ಮರಳಲಿಲ್ಲ. ಊಟಕ್ಕೆ ಒಟ್ಟಿಗೆ ಕೂತರೂ ತೀರ್ಥಮ್ಮನೇ ಇಬ್ಬರಿಗೂ ಮಾತು ದಾಟಿಸಬೇಕಾಗಿತ್ತು.

ದುರ್ಗಮ್ಮ ಮಾತ್ರ ಲಾಂಚು ಹತ್ತಲಿಲ್ಲ. ಸಂತೆಗೆ ಹೋಗಬೇಕಾದಾಗ ಮುಂಜಾನೆಯೇ ಎದ್ದು ಕಾಡು ಸುತ್ತಿ ನಡೆಯುತ್ತಿದ್ದಳು. ಮೂರು ಮಳೆಗಾಲ ಹಾಗೇ ಕಳೆಯಿತು. ಆಮೇಲೆ ಒಂದು ದಿನ ಮಗಳ ಬಾಣಂತನಕ್ಕೆಂದು ಗಂಟು ಹೊತ್ತುಕೊಂಡು ಬಂದು, ಉಳಿದವರ ಹಿಂದೆ ಹತ್ತಿ, ಎಂಜಿನ್ನಿಗೆ ಬೆನ್ನು ಮಾಡಿ ಕೂತಳು. ನಡು ನೀರು ಬಂದಾಗ ಸೆರಗು ಬಾಯಿಗೆ ಒತ್ತಿಕೊಂಡಳು. ಷಣ್ಮುಖಪ್ಪ ಎಂಜಿನ್ನಿನ ವೇಗ ತಗ್ಗಿಸಿದ. ಹಾಗೆ ಮಾಡಿದ್ದು ಅವಳಿಗೆ ಬೇಕಾಗಿತ್ತೋ, ಇನ್ನಷ್ಟು ನೋವಾಯಿತೋ ಅವನಿಗೆ ತಿಳಿಯಲಿಲ್ಲ. ಈಚೆ ದಡದಲ್ಲಿ ಅವಳ ಗಂಟು ಇಳಿಸಿಕೊಳ್ಳಲು ಕೈ ಚಾಚಿದ. ಅವಳು ಒಂದು ಕ್ಷಣ ತಡೆದು ಗಂಟನ್ನು ಕೊಟ್ಟಳು. ಇಳಿದು, ಮತ್ತೆ ತೆಗೆದುಕೊಂಡು, ಬಸ್ಸಿನ ಕಡೆ ನಡೆದಳು.