ವಾಪಸಕ್ಕನ ಗಂಡನ ರಕ್ತ

ನಮ್ಮ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷಿಸುವ ಅವರಿಗೆ ವಾರ್ಡಿನ ಸಿಸ್ಟರುಗಳು ಇಟ್ಟ ಹೆಸರು ವಾಪಸಕ್ಕ. ಎದುರಿಗೆ ಮೇಡಂ, ಬೆನ್ನ ಹಿಂದೆ ವಾಪಸಕ್ಕ. ಲೇಬಲ್ಲಿನ ಮೇಲೆ ರೋಗಿಯ ಹೆಸರಿನ ಒಂದಕ್ಷರ ತಪ್ಪಿದ್ದರೂ ರಕ್ತದ ಟ್ಯೂಬು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತಿತ್ತು. ಅರ್ಧ ತುಂಬಿದ ಟ್ಯೂಬು ವಾಪಸ್, ಕಿಟಕಿಯ ಬಿಸಿಲಲ್ಲಿ ಇಟ್ಟು ಮರೆತ ಟ್ಯೂಬು ವಾಪಸ್. "ಇನ್ನೊಂದ್ಸಲ ಚುಚ್ಚೋಕೆ ಹೋದ್ರೆ ಆ ಮುದುಕ ನನ್ನನ್ನ ನುಂಗಿಬಿಡ್ತಾನೆ ಮೇಡಂ" ಎಂದು ಸಿಸ್ಟರು ಫೋನಿನಲ್ಲಿ ಗೋಗರೆದರೆ, "ನುಂಗಿದ್ಮೇಲೆ ಕಳ್ಸಿ" ಎನ್ನುತ್ತಿದ್ದರು. ದನಿಯಲ್ಲಿ ಸಿಟ್ಟೂ ಇರುತ್ತಿರಲಿಲ್ಲ, ನಗುವೂ ಇರುತ್ತಿರಲಿಲ್ಲ. ಸಿಸ್ಟರುಗಳಿಗೆ ಮೈ ಉರಿಯುತ್ತಿದ್ದದ್ದು ಅದಕ್ಕೇ.

ಲ್ಯಾಬಿನಲ್ಲಿ ಅವರ ಪಕ್ಕದ ಮೆಷಿನ್ ನನ್ನದು. ವಯಸ್ಸಿನಲ್ಲಿ ಅವರಿಗಿಂತ ಚಿಕ್ಕವನು, ಬಾಯಿ ಮಾತ್ರ ದೊಡ್ಡದು. ನಾನು ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದೆ, ಹಾಗಾಗಿ ಅವರ ಗಂಡ ನನಗೆ ಭಾವ. ಭಾವ ಶಾಲೆಯ ವ್ಯಾನ್ ಓಡಿಸುತ್ತಿದ್ದರು. ಅಕ್ಕ ಇಡೀ ದಿನ ಆಡುವಷ್ಟು ಮಾತನ್ನು ಸಿಗ್ನಲ್ ಬಿಡುವುದರೊಳಗೆ ಆಡಿ ಮುಗಿಸುವ ಪೈಕಿ. ಸಂಜೆ ಅಕ್ಕನನ್ನು ಕರೆದೊಯ್ಯಲು ಬಂದಾಗ ಗೇಟಿನಲ್ಲಿ ನನ್ನನ್ನು ನಿಲ್ಲಿಸಿಕೊಂಡು, "ಮದುವೆಗೆ ಮುಂಚೆ ನಿಮ್ಮಕ್ಕ ನನ್ನನ್ನೂ ಎರಡು ಸಲ ವಾಪಸ್ ಕಳ್ಸಿದ್ಲಪ್ಪ. ಮೂರನೇ ಸಲ ಲೇಬಲ್ ಸರಿಯಾಗಿ ಅಂಟಿಸ್ಕೊಂಡು ಹೋದೆ" ಎನ್ನುತ್ತಿದ್ದರು. ಅಕ್ಕ ಕೇಳಿಸದವರ ಹಾಗೆ ವ್ಯಾನ್ ಹತ್ತಿ ಕೂರುತ್ತಿದ್ದರು. ಆದರೆ ಕೂತಮೇಲೆ ಭಾವನ ಅಂಗಿಯ ಕಾಲರ್ ಸರಿ ಮಾಡುತ್ತಿದ್ದರು. ಅದನ್ನು ನಾನು ನೋಡಿದ್ದೇನೆ.

ಮನೆಯೆಂದರೆ ಬಣ್ಣದಂಗಡಿಯ ಮೇಲಿನ ಎರಡು ಕೋಣೆ. ಅವರಿಬ್ಬರು, ಜೊತೆಗೆ ಭಾವನ ತಾಯಿ. ಅಜ್ಜಿಗೆ ಸೊಸೆಯ ಮೇಲೆ ಇದ್ದ ದೂರು ಒಂದೇ: ಅವಳ ಬಾಯಿಂದ ಮುತ್ತು ಉದುರುವುದಿಲ್ಲ. ಭಾವನೇ ಇಬ್ಬರ ಪರವಾಗಿಯೂ ಮಾತಾಡಿ ಮನೆ ತೂಗಿಸುತ್ತಿದ್ದರು.

ಆ ವರ್ಷ ಶ್ವಾಸಕೋಶಕ್ಕೆ ಇಳಿಯುವ ಒಂದು ವೈರಸ್ ಜ್ವರ ಬಂತು. ಆಸ್ಪತ್ರೆ ತುಂಬಿ, ಮೆಟ್ಟಿಲ ಕೆಳಗೂ ಹಾಸಿಗೆ ಹಾಕಿದರು. ಜೋರಾಗಿ ಆಮ್ಲಜನಕ ಕೊಡುವ ಮೆಷಿನ್ನುಗಳಿದ್ದದ್ದು ಒಂದೇ ಕೋಣೆಯಲ್ಲಿ, ಅಲ್ಲಿನ ಹಾಸಿಗೆಗಳೋ ಬೆರಳೆಣಿಕೆಯಷ್ಟು. ಬೆಳಿಗ್ಗೆ ಎದ್ದು ಕೂತು ತಿಂಡಿ ತಿಂದವರು ಸಂಜೆಗೆ ಉಸಿರಿಗೆ ಒದ್ದಾಡುತ್ತಿದ್ದರು. ಯಾರು ಕುಸಿಯುತ್ತಾರೆ, ಯಾರು ಚೇತರಿಸಿಕೊಳ್ಳುತ್ತಾರೆ ಎಂದು ಮುಖ ನೋಡಿ ಹೇಳುವ ಹಾಗಿರಲಿಲ್ಲ. ಅದಕ್ಕೇ ಡಾಕ್ಟರುಗಳು ರಕ್ತವನ್ನು ಕೇಳಲು ಶುರು ಮಾಡಿದರು. ಮೈಯೊಳಗಿನ ಉರಿಯೂತ ಎಷ್ಟಿದೆ ಎನ್ನಲು ಸಿಆರ್‌ಪಿ. ರೋಗದ ಜೊತೆ ಕಾದಾಡುವ ಬಿಳಿ ರಕ್ತಕಣಗಳು ಎಷ್ಟು ಉಳಿದಿವೆ ಎನ್ನುವ ಎಣಿಕೆ. ಮತ್ತೆ ಎಲ್‌ಡಿಎಚ್, ಅಂದರೆ ಜೀವಕೋಶ ಒಡೆದಾಗ ಅದರೊಳಗಿಂದ ರಕ್ತಕ್ಕೆ ಸೋರುವ ಒಂದು ವಸ್ತು. ಶ್ವಾಸಕೋಶ ಒಳಗೊಳಗೇ ಹಾಳಾಗುತ್ತಿದ್ದರೆ ಅದು ಏರುತ್ತದೆ. ಮೂರನ್ನೂ ಕೂಡಿಸಿ ಪ್ರತಿ ರೋಗಿಗೆ ಅಂಕ ಕೊಡುತ್ತಿದ್ದರು. ಅಂಕ ಹೆಚ್ಚಿದ್ದವರಿಗೆ ಅಪಾಯ ಹೆಚ್ಚು, ಅವರಿಗೇ ಆ ಕೋಣೆಯಲ್ಲಿ ಹಾಸಿಗೆ ಮೊದಲು. ಜೀವನವಿಡೀ ಹೆಚ್ಚು ಅಂಕಕ್ಕೆ ಹೊಡೆದಾಡಿದ ಜನ ಈಗ ಕಡಿಮೆ ಅಂಕ ಬರಲಿ ಎಂದು ಕೈಮುಗಿದು ಕೂತಿದ್ದರು.

ಪದ್ಧತಿ ಒಳ್ಳೆಯದೇ. ಅದರಿಂದ ತುಂಬಾ ಜನ ಉಳಿದರು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಕೇಳಿದವರೆಲ್ಲ ಡಾಕ್ಟರುಗಳನ್ನು ಬೈಯಲು ಬಾಯಿ ತೆರೆಯುತ್ತಾರೆ, ನನಗೆ ಅದನ್ನು ಕೇಳಿ ಕೇಳಿ ಸಾಕಾಗಿದೆ.

ನಮಗಂತೂ ಆ ದಿನಗಳಲ್ಲಿ ಏನೂ ಅನ್ನಿಸುತ್ತಿರಲಿಲ್ಲ. ಟ್ಯೂಬು ಬರುತ್ತಿತ್ತು, ಮೆಷಿನ್ನಿಗೆ ಹಾಕುತ್ತಿದ್ದೆವು, ಅಂಕಿ ಬರುತ್ತಿತ್ತು, ಕಳಿಸುತ್ತಿದ್ದೆವು. ಮರುದಿನ ಅದೇ ಹೆಸರಿನ ಟ್ಯೂಬು ಬರದಿದ್ದರೆ, ಮನೆಗೆ ಹೋದರೋ ಮೇಲಕ್ಕೇ ಹೋದರೋ ಎಂದು ಯಾರೂ ವಿಚಾರಿಸುತ್ತಿರಲಿಲ್ಲ. ವಿಚಾರಿಸಿದರೆ ಮುಂದಿನ ಟ್ಯೂಬಿಗೆ ಕೈ ಏಳುವುದಿಲ್ಲ.

ಭಾವನಿಗೂ ಜ್ವರ ಬಂತು. ವ್ಯಾನಿನ ಮಕ್ಕಳಿಂದಲೇ ಬಂದಿರಬೇಕು. ಕೆಮ್ಮು ಬಿಡದಿದ್ದಾಗ ನಮ್ಮ ಆಸ್ಪತ್ರೆಗೇ ಸೇರಿಸಿದರು. ಅಕ್ಕ ಎಂದಿನಂತೆ ಕೆಲಸಕ್ಕೆ ಬಂದರು.

"ರಜೆ ಹಾಕಿ ಅಕ್ಕ" ಎಂದೆ.

"ಹಾಕಿ ಏನ್ ಮಾಡ್ಲಿ? ವಾರ್ಡೊಳಗೆ ಬಿಡಲ್ಲ. ಇಲ್ಲಿದ್ರೆ ರಕ್ತವಾದ್ರೂ ನೋಡ್ಬಹುದು."

ಎರಡು ದಿನ ರಕ್ತ ಹೇಳಿಕೊಳ್ಳುವಷ್ಟು ಕೆಟ್ಟದ್ದೇನೂ ಹೇಳಲಿಲ್ಲ. ಮೂರನೆಯ ಬೆಳಿಗ್ಗೆ ಬಂದ ಟ್ಯೂಬನ್ನು ಅಕ್ಕ ತಿರುಗಣೆಗೆ ಹಾಕಿ ತೆಗೆದರು. ತಿರುಗಿಸಿದಾಗ ಕಣಗಳೆಲ್ಲ ಅಡಿಗಿಳಿದು ಮೇಲೆ ತಿಳಿ ನಿಲ್ಲುತ್ತದೆ. ಆ ತಿಳಿ ಒಣಹುಲ್ಲಿನ ಬಣ್ಣ ಇರಬೇಕು. ಭಾವನದ್ದು ಬೀಟ್‌ರೂಟ್ ತೊಳೆದ ನೀರಿನ ಹಾಗಿತ್ತು.

ನಮ್ಮಲ್ಲಿ ಇದು ದಿನಾ ನೋಡುವ ವಿಷಯ. ಸಣ್ಣ ಸೂಜಿಯಲ್ಲಿ ಅವಸರದಿಂದ ರಕ್ತ ಎಳೆದರೆ ಕೆಂಪು ಕಣಗಳು ಟ್ಯೂಬಿನಲ್ಲೇ ಒಡೆದು, ಅವುಗಳೊಳಗಿದ್ದ ಎಲ್‌ಡಿಎಚ್ ಎಲ್ಲ ತಿಳಿಗೆ ಸೇರುತ್ತದೆ. ಅಂಕಿ ಬಾನಿಗೇರುತ್ತದೆ, ಆದರೆ ಅದಕ್ಕೂ ಶ್ವಾಸಕೋಶಕ್ಕೂ ಸಂಬಂಧವಿಲ್ಲ. ಅಂಥ ಟ್ಯೂಬನ್ನು ಮೆಷಿನ್ನಿಗೆ ಹಾಕುವ ಹಾಗೇ ಇಲ್ಲ. ಅಕ್ಕ ಹಾಕಿದರು. ಅವರು ನಿಯಮ ಮುರಿದದ್ದನ್ನು ನಾನು ಕಂಡದ್ದು ಅದೊಂದೇ ಸಲ. ನಮ್ಮದು ಹಳೆಯ ಮೆಷಿನ್, ಕೆಂಪೋ ಹಳದಿಯೋ ಎಂದು ಕೇಳದೆ ಕೊಟ್ಟದ್ದನ್ನು ಅಳೆಯುತ್ತದೆ. ಇರಬೇಕಾದ್ದರ ಮೂರು ಪಟ್ಟು ಎಂದು ತೋರಿಸಿತು.

ಆ ಮಧ್ಯಾಹ್ನ ಒಂದು ಹಾಸಿಗೆ ಖಾಲಿಯಾಗುತ್ತದೆ ಎಂದು ಇಡೀ ಆಸ್ಪತ್ರೆಗೆ ಗೊತ್ತಿತ್ತು. ಈ ಅಂಕಿ ಹೋದರೆ ಅದು ಭಾವನದ್ದು.

"ಅಕ್ಕ, ಕಳ್ಸಿಬಿಡಿ" ಎಂದೆ.

"ಕೆಂಪಿದೆ."

"ನನಗೂ ಕಣ್ಣಿದೆ. ಕಳ್ಸಿ."

"ಇದು ಅವರ ಶ್ವಾಸಕೋಶ ಹೇಳ್ತಿರೋದಲ್ಲ. ಸೂಜಿ ಹೇಳ್ತಿರೋದು."

"ಯಾರು ಕೇಳ್ತಾರೆ? ಭಾವ ಹೋಗಿ ಅಲ್ಲಿ ಮಲ್ಕೋತಾರೆ. ಅಷ್ಟೇ ತಾನೆ?"

"ಅಲ್ಲಿ ಮಲಗ್ಬೇಕಾಗಿದ್ದವರು?"

"ಯಾರೋ."

"ಹೂಂ. ಯಾರೋ" ಎಂದರು ಅಕ್ಕ. ಕೈ ಅಂಕಿ ಕಳಿಸುವ ಗುಂಡಿಯ ಹತ್ತಿರವೇ ಇತ್ತು. ಆಮೇಲೆ ಆ ಕೈಯಿಂದಲೇ ಫೋನ್ ಎತ್ತಿಕೊಂಡು, ಸ್ಯಾಂಪಲ್ಲಿನಲ್ಲಿ ಕಣ ಒಡೆದಿದೆ, ಇನ್ನೊಂದು ಬೇಕು ಎಂದರು.

"ಮೇಡಂ, ಇದು ನಿಮ್ಮ ಯಜಮಾನ್ರದ್ದಲ್ವಾ?" ಎಂದು ಸಿಸ್ಟರು ಕೇಳಿದ್ದು ನನಗೂ ಕೇಳಿಸಿತು.

"ಹೌದು. ದಪ್ಪ ಸೂಜಿಲಿ ನಿಧಾನಕ್ಕೆ ತೆಗೀರಿ. ಎಡಗೈಲಿ ನರ ಚೆನ್ನಾಗಿ ಸಿಗುತ್ತೆ ಅವರಿಗೆ."

ಎರಡನೆಯ ಟ್ಯೂಬು ಬಂತು. ತಿಳಿ ಹಳದಿ, ಹಿಡಿದು ನೋಡಿದರೆ ಆಚೆ ಬದಿಯ ಬೆರಳು ಕಾಣುವಷ್ಟು ಸ್ವಚ್ಛ. ಅಂಕಿ ಇರಬೇಕಾದ್ದಕ್ಕಿಂತ ಚೂರು ಹೆಚ್ಚು, ಅಷ್ಟೇ. ಅಕ್ಕನ ಭುಜ ಕೆಳಗಿಳಿಯಿತು. ಅದು ಒಳ್ಳೆಯ ಸುದ್ದಿ ಎಂದು ನಾವಿಬ್ಬರೂ ನಂಬಿದೆವು, ನಂಬಬೇಕಾದ್ದೂ ಅದನ್ನೇ. ಮನೆಗೆ ಫೋನ್ ಮಾಡಿ, "ನಂಬರ್ ಚೆನ್ನಾಗಿದೆ ಅತ್ತೆ" ಎಂದರು. ಹಾಸಿಗೆ ಯಾರೋ ಒಬ್ಬ ಹೆಂಗಸಿನ ಪಾಲಾಯಿತು. ಮಧ್ಯಾಹ್ನ ಭಾವನೇ ಫೋನ್ ಮಾಡಿದರು. "ಏನೇ, ನನ್ನ ರಕ್ತನೂ ವಾಪಸ್ ಕಳ್ಸಿದ್ಯಂತೆ? ಇಷ್ಟು ವರ್ಷದ ಮೇಲೂ ನಾನು ಪಾಸಾಗಿಲ್ವಾ?" ಎಂದು ನಗಲು ಹೋಗಿ ಕೆಮ್ಮಿದರು.

"ಎರಡನೇದು ಪಾಸು. ಮಾತಾಡ್ಬೇಡಿ, ಮಲ್ಕೊಳ್ಳಿ" ಎಂದರು ಅಕ್ಕ.

ಮರುದಿನ ಊಟದ ಹೊತ್ತಿಗೆ ಮುಖ ತೊಳೆಯಲು ಎದ್ದ ಭಾವ ನಲ್ಲಿಯ ಹತ್ತಿರವೇ ಕುಸಿದರು. ಒಯ್ದು ಮಲಗಿಸಲು ಆ ಕೋಣೆಯಲ್ಲಿ ಹಾಸಿಗೆ ಇರಲಿಲ್ಲ. ಸಂಜೆಯೊಳಗೆ ಹೋಗಿಬಿಟ್ಟರು.

ಡಾಕ್ಟರು ತಾವೇ ಲ್ಯಾಬಿಗೆ ಇಳಿದು ಬಂದು ಅಕ್ಕನ ಮುಂದೆ ನಿಂತರು. ನಿದ್ದೆಗೆಟ್ಟು ಅವರ ಕಣ್ಣು ಕೆಂಪಾಗಿತ್ತು. "ಈ ಅಂಕಿಗಳು ನೂರು ಜನರ ಬಗ್ಗೆ ಹೇಳ್ತವಮ್ಮ. ಒಬ್ಬೊಬ್ಬರ ಬಗ್ಗೆ ಖಾತ್ರಿ ಕೊಡಲ್ಲ" ಎಂದರು. "ಗೊತ್ತು ಸರ್" ಎಂದರು ಅಕ್ಕ. ಆ ಕೋಣೆಗೆ ಹೋಗಿದ್ದರೆ ಭಾವ ಉಳಿಯುತ್ತಿದ್ದರೇ ಎಂದು ನಾನು ಕೇಳಿದೆ. ಡಾಕ್ಟರು ತಲೆ ಅಲ್ಲಾಡಿಸಿದರು. ಹೌದೆಂದೂ ಅಲ್ಲ, ಇಲ್ಲವೆಂದೂ ಅಲ್ಲ.

ಅಕ್ಕ ಬೇಗನೆ ಕೆಲಸಕ್ಕೆ ಮರಳಿದರು. ಅಳಲಿಲ್ಲ. ಅಳು ಬರುತ್ತಿಲ್ಲ ಎಂದು ನನ್ನ ಹತ್ತಿರ ಹೇಳಿದರು, ಹಲ್ಲುನೋವು ನಿಂತಿದೆ ಎನ್ನುವ ಹಾಗೆ. ಆ ಹಾಸಿಗೆ ಸಿಕ್ಕ ಹೆಂಗಸಿನ ರಕ್ತ ದಿನಾ ಬೆಳಿಗ್ಗೆ ನಮ್ಮಲ್ಲಿಗೇ ಬರುತ್ತಿತ್ತು. ನಾನು ಮಾಡುತ್ತೇನೆ ಎಂದರೆ ಬಿಡುತ್ತಿರಲಿಲ್ಲ. ಅಂಕಿ ದಿನದಿಂದ ದಿನಕ್ಕೆ ಇಳಿಯುತ್ತಾ ಬಂತು, ಅಕ್ಕ ಅದನ್ನು ಕಳಿಸುತ್ತಾ ಬಂದರು. ಒಂದು ದಿನ ಆ ಹೆಸರಿನ ಟ್ಯೂಬು ಬರಲಿಲ್ಲ. ಅಕ್ಕ ವಾರ್ಡಿಗೆ ಫೋನ್ ಮಾಡಿ, "ಮನೆಗೆ ಹೋದ್ರಾ?" ಎಂದು ಕೇಳಿದರು. ಹೋದರು ಎಂದರು ಸಿಸ್ಟರು. "ಸರಿ" ಎಂದು ಇಟ್ಟರು.

ನನಗೆ ಸಿಟ್ಟು ಬಂದಿತ್ತು. ಆ ಹೆಂಗಸಿನ ಮೇಲೆ ಬಂದಿತ್ತು, ಅಕ್ಕನ ಮೇಲೂ ಬಂದಿತ್ತು. ನಾನಾಗಿದ್ದರೆ ಕಣ್ಣು ಮುಚ್ಚಿಕೊಂಡು ಗುಂಡಿ ಒತ್ತುತ್ತಿದ್ದೆ. ಹಾಗೆ ಹೇಳಲು ನನಗೆ ನಾಚಿಕೆಯಿಲ್ಲ.

ಒಂದು ರಜೆಯ ಮಧ್ಯಾಹ್ನ ಅವರ ಮನೆಗೆ ಹೋದೆ. ಅಜ್ಜಿ ನೆಲದ ಮೇಲೆ ಕಾಲು ಚಾಚಿಕೊಂಡು ಬಟಾಣಿ ಬಿಡಿಸುತ್ತಿದ್ದರು. ಅಕ್ಕ ನನಗೆ ಟೀ ಕೊಟ್ಟು ಅವರ ಪಕ್ಕ ಕೂತರು. ಮಾತಿಗೆ ಮಾತು ಸೇರಿಸುವವರು ಆ ಮನೆಯಲ್ಲಿ ಈಗ ಇರಲಿಲ್ಲ. ಅಜ್ಜಿಯೇ ಕೇಳಿದರು.

"ನಂಬರ್ ಚೆನ್ನಾಗಿದೆ ಅಂದಿದ್ಯಲ್ಲ. ಮತ್ತೆ ಯಾಕೆ ಹೀಗಾಯ್ತು?"

ಡಾಕ್ಟರಿಗೂ ತಿಳಿಯಲಿಲ್ಲ ಎಂದರೆ ಮುಗಿಯುತ್ತಿತ್ತು. ಬೇಡ ಎಂದು ನಾನು ಕಣ್ಣಲ್ಲೇ ಸನ್ನೆ ಮಾಡಿದೆ. ಅಕ್ಕ ಎಲ್ಲ ಹೇಳಿದರು. ಕೆಂಪು ಟ್ಯೂಬು, ಅದರ ಅಂಕಿ, ಮಧ್ಯಾಹ್ನದ ಹಾಸಿಗೆ, ತಾವು ಮಾಡಿದ ಫೋನು, ಎರಡನೆಯ ಟ್ಯೂಬು. ವಾರ್ಡಿಗೆ ರಿಪೋರ್ಟ್ ಓದಿ ಹೇಳುವ ದನಿಯಲ್ಲೇ ಹೇಳಿದರು.

ಅಜ್ಜಿಯ ಕೈ ನಿಂತಿತು. "ಮೊದಲ್ನೇದು ಸುಳ್ಳಾ?"

"ಸುಳ್ಳು ಅತ್ತೆ."

"ಆದ್ರೂ ಹಾಸಿಗೆ ಸಿಗ್ತಿತ್ತು."

"ಸಿಗ್ತಿತ್ತು."

ಅಜ್ಜಿ ಬೈಯುತ್ತಾರೆ, ಎದೆ ಬಡಿದುಕೊಳ್ಳುತ್ತಾರೆ ಎಂದು ನಾನು ಲೋಟ ಕೆಳಗಿಟ್ಟೆ. ಅವರು ಸೊಸೆಯ ಮುಖ ನೋಡಿದರು, ಅಷ್ಟೇ. ಎಂದೂ ಇಲ್ಲದ ಮೆದುವಾದ ದನಿಯಲ್ಲಿ, "ಆ ಸುಳ್ಳು ಹೇಳ್ಬೇಕಿತ್ತು ಕಣೆ ನೀನು" ಎಂದರು.

"ಹೌದು ಅತ್ತೆ. ಹೇಳ್ಬೇಕಿತ್ತು" ಎಂದರು ಅಕ್ಕ.

ಅಲ್ಲ ಅಜ್ಜಿ, ಅಕ್ಕ ಮಾಡಿದ್ದೇ ಸರಿ, ಎಂದು ಯಾರಾದರೂ ಹೇಳಬೇಕಿತ್ತು. ಆ ಕೋಣೆಯಲ್ಲಿ ಮೂವರಿದ್ದೆವು. ಅಕ್ಕನ ಪರವಾಗಿ ಒಬ್ಬರೂ ಇರಲಿಲ್ಲ, ಅಕ್ಕನೂ ಸೇರಿ.